ಹರ್ಟ್ಸ್‌ಫೆಲ್ಡನ ನಿಯಮವೂ ಸೀಸಿಯಂ ಅಯೊಡೈಡಿನ ಲೋಹತ್ವವೂ

ಸೀಸಿಯಂ ಅಯೊಡೈಡಿನಂತಹ ಅಯಾನಿಕ ಘನಗಳು ಅತ್ಯಧಿಕ ಒತ್ತಡಕ್ಕೆ ಸಿಲುಕಿದಾಗ ಶಕ್ತಿಪಟ್ಟಿಗಳು ವಿಸ್ತರಿಸಿ, ಅವುಗಳ ನಡುವಣ ಶಕ್ತ್ಯಂತರವು ಕ್ಷೀಣಿಸಿ, ಕಡೆಗೆ ಅವಾಹಕವೇ ಲೋಹವಾಗುವುದೆಂಬುದು ಈಗ ನಿರ್ವಿವಾದವಾದ ಸಂಗತಿ. ಸಾಮಾನ್ಯ ಸ್ಥಿತಿಯಲ್ಲಿ ಆರು ಇಲೆಕ್ಟ್ರಾನ್-ವೋಲ್ಟುಗಳಿಗಿಂತ ತುಸು ಹೆಚ್ಚಿರುವ ಈ ಲವಣದ ಶಕ್ತ್ಯಂತರವು ಸುಮಾರು 110 ಗಿಗಾಪಾಸ್ಕಲ್‌ನಲ್ಲಿ, ಎಂದರೆ ಹನ್ನೊಂದು ಲಕ್ಷ ವಾಯುಭಾರದಷ್ಟು ಒತ್ತಡದಲ್ಲಿ, ಮುಚ್ಚಿಹೋಗುವುದೆಂದು 1980ರ ದಶಕದ ದ್ಯುತಿಪ್ರಯೋಗಗಳು ಸೂಚಿಸಿದ್ದವು; 1998ರಲ್ಲಿ ಎರೆಮೆಟ್ಸ್ ಮತ್ತು ಸಂಗಡಿಗರು ವಜ್ರದ ಅಡಿಗಲ್ಲುಗಳ ನಡುವೆ ವಿದ್ಯುದ್ರೋಧವನ್ನೇ ಅಳೆದು 115 ಗಿಗಾಪಾಸ್ಕಲ್‌ನಲ್ಲಿ ಅದನ್ನು ದೃಢಪಡಿಸಿದರು.

ವಿವಾದವಿರುವುದು ಕಾರಣದ ವಿಷಯದಲ್ಲಿ. ಮೋಲಾರ್ ವಕ್ರೀಭವನವು ಮೋಲಾರ್ ಗಾತ್ರಕ್ಕೆ ಸಮನಾದೊಡನೆ ವಕ್ರೀಭವನಾಂಕವು ಅನಂತವಾಗಿ, ಬದ್ಧ ಇಲೆಕ್ಟ್ರಾನುಗಳು ಬಂಧಮುಕ್ತವಾಗುವುವೆಂದು 1927ರಲ್ಲಿ ಹರ್ಟ್ಸ್‌ಫೆಲ್ಡ್ ಪ್ರತಿಪಾದಿಸಿದನು. ಸೀಸಿಯಂ ಅಯೊಡೈಡಿಗೆ ಇದನ್ನು ಅನ್ವಯಿಸಿ ನೋಡೋಣ. ಅದರ ವಕ್ರೀಭವನಾಂಕ 1.79, ಮೋಲಾರ್ ಗಾತ್ರ ಸುಮಾರು 57.6 ಘನ ಸೆಂಟಿಮೀಟರ್. ಇವುಗಳಿಂದ ದೊರೆಯುವ ಮೋಲಾರ್ ವಕ್ರೀಭವನ ಸುಮಾರು 24.4 ಘನ ಸೆಂಟಿಮೀಟರ್. ಆದುದರಿಂದ ಗಾತ್ರವು ಮೊದಲಿನ 0.42ರಷ್ಟಕ್ಕೆ ಕುಗ್ಗಿದಾಗ ಲೋಹತ್ವವು ಒದಗಬೇಕು. ಪ್ರಯೋಗದಲ್ಲಿ ಕಂಡುಬಂದುದೂ ಇದಕ್ಕೆ ಬಹು ಸಮೀಪದ ಗಾತ್ರದಲ್ಲಿಯೇ. ಇಂತಹ ಸಾಮ್ಯವನ್ನು ನಿಯಮದ ಸಮರ್ಥನೆಯೆಂದು ಗಣಿಸುವುದು ಸಹಜವೇ ಆದರೂ, ಅದು ಯುಕ್ತವಲ್ಲವೆಂದು ನನ್ನ ವಾದ.

ಏಕೆಂದರೆ, ಶೂನ್ಯ ಒತ್ತಡದಲ್ಲಿ ಅಳೆದ ವಕ್ರೀಭವನವು ಇಮ್ಮಡಿಗೂ ಮೀರಿದ ಸಾಂದ್ರತೆಯವರೆಗೆ ಮಾರ್ಪಡದೆ ಉಳಿಯುವುದೆಂಬ ಊಹೆಯೇ ಇಲ್ಲಿ ಅಡಗಿದೆ. ನೆರೆಯ ಅಯಾನುಗಳು ಒತ್ತಿದಷ್ಟೂ ಅಯೊಡೈಡ್ ಋಣಾಯಾನಿನ ಧ್ರುವೀಕರಣೀಯತೆಯು ತಗ್ಗುವುದು; ಇನ್ನೊಂದೆಡೆ ಶಕ್ತ್ಯಂತರದ ಸಂಕೋಚವು ಅದನ್ನು ಹೆಚ್ಚಿಸುವುದು. ಪರಸ್ಪರ ವಿರೋಧಿಗಳಾದ ಇವೆರಡರ ಸಮತೋಲದಿಂದ ಒದಗಿದ ಸಾಮ್ಯವು ನಿಯಮದ ಅಂತಸ್ಸತ್ವವನ್ನು ಸಾರುವುದಿಲ್ಲ. ಇದಕ್ಕಿಂತಲೂ ಬಲವಾದ ಸಾಕ್ಷ್ಯವು ಈ ಲವಣದ ಅಯಾನುಗಳಲ್ಲಿರುವಷ್ಟೇ ಇಲೆಕ್ಟ್ರಾನುಗಳುಳ್ಳ ಬಂಧುದ್ರವ್ಯವಾದ ಘನ ಕ್ಸೆನಾನಿನಲ್ಲಿದೆ. 1989ರಲ್ಲಿ 130ರಿಂದ 150 ಗಿಗಾಪಾಸ್ಕಲ್‌ಗಳ ನಡುವೆ ಲೋಹವಾಯಿತೆಂದು ವರದಿಯಾದ ಕ್ಸೆನಾನು ಕೆಂಪು ಬೆಳಕನ್ನು ಹೀರಿ ನೀಲವರ್ಣವನ್ನು ತಾಳಿತು; ವಕ್ರೀಭವನಾಂಕವು ಅನಂತವಾಗಿದ್ದರೆ ಬೆಳಕು ಒಳಹೊಕ್ಕು ನೀಲವಾಗಿ ಹೊರಬರುವುದು ಹೇಗೆ ಸಾಧ್ಯ?

ಪಟ್ಟಿಸಿದ್ಧಾಂತವು ಇದನ್ನು ಸುಲಭವಾಗಿ ವಿವರಿಸುವುದು. ಅಯೊಡೀನಿನ 5ಪಿ ಇಲೆಕ್ಟ್ರಾನುಗಳಿಂದ ತುಂಬಿದ ಪಟ್ಟಿಯ ಶಿಖರವೂ, ಸೀಸಿಯಮಿನ 5ಡಿ ಸ್ವಭಾವವುಳ್ಳ ಖಾಲಿ ಪಟ್ಟಿಯ ತಳವೂ ಬೇರೆ ಬೇರೆ ಸಂವೇಗಗಳಲ್ಲಿದ್ದು ಒಂದನ್ನೊಂದು ದಾಟಿದರೆ, ನೇರ ಶಕ್ತ್ಯಂತರವು ಮುಚ್ಚದಿದ್ದಾಗಲೂ ವಸ್ತುವು ವಾಹಕವಾಗಬಲ್ಲದು. ಹಾಗಾದರೆ ಲೋಹತ್ವದ ಉದಯದಲ್ಲಿ ಅಯಾನಿಕತೆಯು ನಶಿಸಿಹೋಗದು. ಸೀಸಿಯಮಿನ ಡಿ-ಕಕ್ಷೆಗಳು ಅಲ್ಪಾಂಶದ ಇಲೆಕ್ಟ್ರಾನುಗಳನ್ನು ಮಾತ್ರ ಸ್ವೀಕರಿಸುವುವು. ಈ ಮಾತನ್ನು ನಾನು ಸೀಮಿತಾರ್ಥದಲ್ಲಿಯೇ, ಸಂಕ್ರಮಣದ ಪ್ರಾರಂಭವನ್ನು ಮಾತ್ರ ಕುರಿತು, ಆಡುತ್ತಿದ್ದೇನೆ. ಸುಮಾರು 180 ಗಿಗಾಪಾಸ್ಕಲ್‌ನಲ್ಲಿ, 2 ಕೆಲ್ವಿನ್ ಮಟ್ಟದ ತಾಪದಲ್ಲಿ ವ್ಯಕ್ತವಾದ ಅತಿವಾಹಕತ್ವಕ್ಕೆ ಇದನ್ನು ವಿಸ್ತರಿಸಲು ಆಧಾರವಿಲ್ಲ. ಘನಾಕೃತಿಯ ಜಾಲಕವು ಅಷ್ಟರಲ್ಲಿಯೇ ವಿಕೃತಗೊಂಡು ನಿಬಿಡ ಷಟ್ಕೋಣೀಯ ರಚನೆಯತ್ತ ಸಾಗಿರುವುದರಿಂದ, ಪಟ್ಟಿಗಳ ಅತಿಕ್ರಮಣದಲ್ಲಿ ರಚನೆಯ ಪಾಲೆಷ್ಟು, ಕೇವಲ ಸಂಕೋಚದ ಪಾಲೆಷ್ಟು ಎಂಬ ಪ್ರಶ್ನೆಯೂ ಉಳಿದಿದೆ. ಒಂದೇ ಮಾದರಿಯಲ್ಲಿ ಪ್ರತಿಫಲನವನ್ನೂ ವಿದ್ಯುದ್ರೋಧವನ್ನೂ ಒಟ್ಟಿಗೆ ಅಳೆಯುವ ಪ್ರಯೋಗಗಳಿಂದಲೇ ಅದು ಇತ್ಯರ್ಥವಾಗಬೇಕು.