ನಗರ ಸುರಂಗಗಳ ನೆಲಕುಸಿತ ಮತ್ತು ಉಪಗ್ರಹ ರೇಡಾರ್

ನಗರಗಳ ಅಡಿಯಲ್ಲಿ ಸುರಂಗ ಕೊರೆಯುವಾಗ ಮೇಲಿನ ನೆಲ ಹಾಗೂ ಕಟ್ಟಡಗಳಲ್ಲಿ ಉಂಟಾಗುವ ಅಲ್ಪ ಪ್ರಮಾಣದ ಚಲನೆಯನ್ನು ಅಳೆಯಲು ಉಪಗ್ರಹ ರೇಡಾರ್ ಚಿತ್ರಗಳನ್ನು ಬಳಸಲಾಗುತ್ತದೆ. ರೇಡಾರ್ ವ್ಯತಿಕರಣ ಮಾಪನ ಅಥವಾ ಇನ್‌ಸಾರ್ ಎಂದು ಕರೆಯಲಾಗುವ ಈ ವಿಧಾನವು ಅನುಕೂಲ ಸ್ಥಿತಿಯಲ್ಲಿ ಕೆಲವು ಮಿಲಿಮೀಟರುಗಳ ಬದಲಾವಣೆಯನ್ನೂ ಗುರುತಿಸಬಲ್ಲದು.

== ಹಿನ್ನೆಲೆ ==
ಸುರಂಗದ ಅಂತಿಮ ಗಾತ್ರಕ್ಕಿಂತ ತುಸು ಹೆಚ್ಚು ಮಣ್ಣು ಹೊರಬರುವುದು ಅನಿವಾರ್ಯ. ಈ ಕೊರತೆಯು ಮೇಲ್ಮೈಯಲ್ಲಿ ಸುರಂಗದ ಉದ್ದಕ್ಕೂ ಆಳವಿಲ್ಲದ ತಗ್ಗಾಗಿ ಕಾಣಿಸಿಕೊಳ್ಳುತ್ತದೆ. ಅಡ್ಡಸೀಳಿನಲ್ಲಿ ತಲೆಕೆಳಗಾದ ಗಂಟೆಯನ್ನು ಹೋಲುವ ಈ ತಗ್ಗನ್ನು ಮಣ್ಣಿನ ಯಂತ್ರಶಾಸ್ತ್ರಜ್ಞ ರಾಲ್ಫ್ ಪೆಕ್ 1969ರಲ್ಲಿ ವಿವರಿಸಿದರು. ಇಡೀ ಕಟ್ಟಡ ಸಮನಾಗಿ ಇಳಿದರೆ ಹಾನಿ ಕಡಿಮೆ. ಒಂದು ಮೂಲೆ ಮತ್ತೊಂದಕ್ಕಿಂತ ಹೆಚ್ಚು ಇಳಿದಾಗ ಗೋಡೆಗಳು ಬಿರುಕು ಬಿಡುತ್ತವೆ.

== ಕಾರ್ಯವಿಧಾನ ==
ಉಪಗ್ರಹವು ಒಂದೇ ಪ್ರದೇಶದ ಚಿತ್ರವನ್ನು ಒಂದೇ ಕಕ್ಷೆಯಿಂದ ಮತ್ತೆ ಮತ್ತೆ ತೆಗೆಯುತ್ತದೆ. ಮರಳಿ ಬಂದ ರೇಡಾರ್ ಅಲೆಯು ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದನ್ನು ಎರಡು ಚಿತ್ರಗಳ ನಡುವೆ ಹೋಲಿಸಿದಾಗ ದೂರದಲ್ಲಾದ ವ್ಯತ್ಯಾಸ ತಿಳಿಯುತ್ತದೆ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ತರಂಗಾಂತರ ಸುಮಾರು 5.5 ಸೆಂ.ಮೀ. ಅಲೆ ಹೋಗಿ ಮರಳುವುದರಿಂದ, ಅದರ ಅರ್ಧದಷ್ಟು, ಅಂದರೆ ಸುಮಾರು 2.8 ಸೆಂ.ಮೀ. ಚಲನೆಗೆ ಒಂದು ಪೂರ್ಣ ಆವರ್ತ ಮುಗಿಯುತ್ತದೆ.

ವಾತಾವರಣದ ತೇವಾಂಶವೂ ಅಲೆಯನ್ನು ತಡವಾಗಿಸುವುದರಿಂದ ಎರಡೇ ಚಿತ್ರಗಳ ಹೋಲಿಕೆ ಸಾಲದು. 1990ರ ದಶಕದ ಕೊನೆಯಲ್ಲಿ ಮಿಲಾನ್ ಪಾಲಿಟೆಕ್ನಿಕ್‌ನ ಸಂಶೋಧಕರು ಹತ್ತಾರು ಚಿತ್ರಗಳಲ್ಲಿ ಬದಲಾಗದೆ ಹೊಳೆಯುವ ಬಿಂದುಗಳನ್ನು ಮಾತ್ರ ಆಯ್ದು ಅಳೆಯುವ ಕ್ರಮವನ್ನು ರೂಪಿಸಿದರು. ಚಾವಣಿಯ ಅಂಚು, ಕಂಬಿ, ಗೋಡೆಯ ಮೂಲೆಗಳು ಇಂತಹ ಬಿಂದುಗಳಾಗುವುದರಿಂದ ಹೊಲಗದ್ದೆಗಳಿಗಿಂತ ನಗರಗಳಲ್ಲಿಯೇ ಈ ಕ್ರಮ ಹೆಚ್ಚು ಫಲಕಾರಿ.

== ಲಂಡನ್ನಿನ ಉದಾಹರಣೆ ==
1990ರ ದಶಕದಲ್ಲಿ ಲಂಡನ್ನಿನ ಜುಬಿಲಿ ರೈಲುಮಾರ್ಗವನ್ನು ವಿಸ್ತರಿಸುವಾಗ ಬಿಗ್ ಬೆನ್ ಗಡಿಯಾರ ಗೋಪುರ ವಾಲತೊಡಗಿತು. ಅದನ್ನು ಹತೋಟಿಯಲ್ಲಿಡಲು ಅಡಿಪಾಯದ ಕೆಳಗಿನ ಮಣ್ಣಿಗೆ ಸಿಮೆಂಟ್ ದ್ರಾವಣವನ್ನು ಒತ್ತಡದಿಂದ ತುಂಬಲಾಯಿತು. ಎಷ್ಟು, ಯಾವಾಗ ತುಂಬಬೇಕೆಂಬುದನ್ನು ನಿರ್ಧರಿಸಿದ್ದು ನೆಲದ ಮೇಲಿನ ಅಳತೆಗಳು. ಆ ಕಾಲದ ಇಆರ್‌ಎಸ್ ಉಪಗ್ರಹಗಳು ಒಂದೇ ಕಕ್ಷೆಗೆ ಸಾಮಾನ್ಯವಾಗಿ 35 ದಿನಗಳಿಗೊಮ್ಮೆ ಮರಳುತ್ತಿದ್ದವು. ಆದರೂ ಅವು ಸಂಗ್ರಹಿಸಿದ್ದ ಚಿತ್ರಗಳನ್ನು ಮುಂದೆ ವಿಶ್ಲೇಷಿಸಿದಾಗ ಆ ಮಾರ್ಗದುದ್ದಕ್ಕೂ ನೆಲ ಇಳಿದಿದ್ದುದು ಪಟ್ಟಿಯಂತೆ ಎದ್ದು ಕಂಡಿತು. 2012ರಿಂದ 2015ರವರೆಗೆ ಕೊರೆಯಲಾದ 42 ಕಿ.ಮೀ. ಉದ್ದದ ಕ್ರಾಸ್‌ರೈಲ್ ಸುರಂಗಗಳ ಅಧ್ಯಯನಕ್ಕೆ ಇನ್ನಷ್ಟು ಸೂಕ್ಷ್ಮವಾದ, ಸುಮಾರು 3 ಸೆಂ.ಮೀ. ತರಂಗಾಂತರದ ರೇಡಾರ್ ಚಿತ್ರಗಳು ದೊರೆತವು.

== ಉಪಯೋಗ ಮತ್ತು ಮಿತಿ ==
ಕಾಮಗಾರಿಗೆ ಮುಂಚಿನ ಚಿತ್ರಗಳೂ ಸಂಗ್ರಹದಲ್ಲಿರುವುದು ಈ ವಿಧಾನದ ದೊಡ್ಡ ಬಲ. ನೆಲದ ಉಪಕರಣಗಳನ್ನು ಅಳವಡಿಸಿದ ದಿನದಿಂದಷ್ಟೇ ಅಳತೆ ದೊರೆಯುತ್ತದೆ. ರೇಡಾರ್ ಸಂಗ್ರಹವಾದರೋ ಕಟ್ಟಡವೊಂದು ಸುರಂಗ ಬರುವ ಮೊದಲೇ ಇಳಿಯುತ್ತಿತ್ತೇ ಎಂಬುದನ್ನು ಪರಿಶೀಲಿಸಲು ನೆರವಾಗುತ್ತದೆ. ಬಿರುಕಿಗೆ ಹೊಣೆ ಯಾರು ಎಂಬ ವಿವಾದದಲ್ಲಿ ಇದು ಸಣ್ಣ ಸಂಗತಿಯಲ್ಲ. ಅಂತರ್ಜಲವನ್ನು ಹೊರಹಾಕುವುದರಿಂದ ಸುರಂಗದಿಂದ ದೂರದಲ್ಲಾಗುವ ಕುಸಿತವನ್ನೂ ಇದು ತೋರಿಸಬಲ್ಲದು.

ರೇಡಾರ್ ಓರೆಯಾಗಿ ನೋಡುವುದರಿಂದ ಆ ದಿಕ್ಕಿನಲ್ಲಾದ ಚಲನೆಯನ್ನು ಮಾತ್ರ ಅಳೆಯುತ್ತದೆ. ಉತ್ತರ–ದಕ್ಷಿಣ ಚಲನೆ ಬಹುತೇಕ ಕಾಣುವುದಿಲ್ಲ. ದಿಢೀರ್ ಕುಸಿತದ ಮುನ್ನೆಚ್ಚರಿಕೆಗೆ ಇದನ್ನೇ ನಂಬುವಂತಿಲ್ಲ. 2009ರ ಮಾರ್ಚ್ 3ರಂದು ಜರ್ಮನಿಯ ಕೊಲೋನ್ ನಗರದ ಐತಿಹಾಸಿಕ ದಾಖಲೆಗಳ ಸಂಗ್ರಹಾಲಯವು ಮೆಟ್ರೊ ಕಾಮಗಾರಿಯ ಬಳಿ ಕೆಲವೇ ನಿಮಿಷಗಳಲ್ಲಿ ಕುಸಿದು, ಪಕ್ಕದ ಮನೆಗಳಲ್ಲಿದ್ದ ಇಬ್ಬರು ಮೃತಪಟ್ಟರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೊ ಮತ್ತು ನಾಸಾ ಜಂಟಿಯಾಗಿ 2025ರ ಜುಲೈ 30ರಂದು ಉಡಾಯಿಸಿದ ನೈಸಾರ್ ಉಪಗ್ರಹ ಕೂಡ ಒಂದೇ ಕಕ್ಷೆಗೆ ಮರಳುವುದು 12 ದಿನಗಳಿಗೊಮ್ಮೆ.