ಇಮ್ಮಡಿಸಿ ಕಳೆದುಕೊಂಡ ಜೀನೋಮ್: ಮೀನುಗಳ ವಿಕಾಸದ ಒಂದು ವಾದದ ಚರಿತ್ರೆ

ಕ್ಯಾಲಿಫೋರ್ನಿಯದ ಸಿಟಿ ಆಫ್ ಹೋಪ್ ಸಂಸ್ಥೆಯಲ್ಲಿದ್ದ ಸುಸುಮು ಓನೊ ಮತ್ತು ಅವರ ಸಂಗಡಿಗರು 1967ರಲ್ಲಿ ಗೆಂಡೆ ಕುಟುಂಬದ ಮೀನುಗಳ ವರ್ಣತಂತುಗಳನ್ನು ಎಣಿಸಿ ಒಂದು ಪ್ರಬಂಧ ಪ್ರಕಟಿಸಿದರು. ಬಾರ್ಬ್ ಮೀನುಗಳಲ್ಲಿ ಸುಮಾರು 50 ವರ್ಣತಂತುಗಳಿದ್ದವು. ಸಾಮಾನ್ಯ ಗೆಂಡೆಯಲ್ಲೂ ಗೋಲ್ಡ್‌ಫಿಶ್‌ನಲ್ಲೂ ಸುಮಾರು 100 ಇದ್ದವು, ಡಿಎನ್‌ಎ ಪ್ರಮಾಣವೂ ಹೆಚ್ಚುಕಡಿಮೆ ಎರಡರಷ್ಟಿತ್ತು. ಇಡೀ ಜೀನೋಮೇ ಒಂದು ಕಾಲದಲ್ಲಿ ಇಮ್ಮಡಿಯಾಗಿರಬೇಕೆಂದು ಅವರು ತೀರ್ಮಾನಿಸಿದರು. ಮೂರು ವರ್ಷಗಳ ನಂತರ ಬಂದ ‘ಎವಲ್ಯೂಷನ್ ಬೈ ಜೀನ್ ಡುಪ್ಲಿಕೇಶನ್’ ಪುಸ್ತಕದಲ್ಲಿ ಓನೊ ಇದೇ ವಾದವನ್ನು ಬೆನ್ನೆಲುಬುಳ್ಳ ಎಲ್ಲ ಪ್ರಾಣಿಗಳ ಚರಿತ್ರೆಗೆ ಹಿಗ್ಗಿಸಿದರು. ಆಗ ಯಾವ ಮೀನಿನ ಜೀನೋಮನ್ನೂ ಯಾರೂ ಓದಿರಲಿಲ್ಲ. ವರ್ಣತಂತುಗಳ ಎಣಿಕೆ, ಡಿಎನ್‌ಎಯ ತೂಕ, ಕೆಲವು ಕಿಣ್ವಗಳ ಹೋಲಿಕೆ, ಇಷ್ಟನ್ನೇ ಹಿಡಿದು ಕಟ್ಟಿದ ವಾದವದು. ಇಪ್ಪತ್ತನೇ ಶತಮಾನದ ಜೀವಶಾಸ್ತ್ರದಲ್ಲಿ ಅಷ್ಟು ಕಡಿಮೆ ಸಾಕ್ಷ್ಯದಿಂದ ಅಷ್ಟು ದೂರ ಕಂಡ ಪುಸ್ತಕಗಳು ಹೆಚ್ಚಿಲ್ಲ.

ವಾದದ ತಿರುಳು ಸರಳ. ಜೀನಿಗೆ ಒಂದು ಕೆಲಸವಿದ್ದರೆ ಅದನ್ನು ಕೆಡಿಸುವ ಬದಲಾವಣೆಯನ್ನು ನಿಸರ್ಗದ ಆಯ್ಕೆ ಉಳಿಯಗೊಡುವುದಿಲ್ಲ. ಜೀನಿನ ಪ್ರತಿಗಳು ಎರಡಾದಾಗ ಒಂದು ಹಳೆಯ ಕೆಲಸ ನೋಡಿಕೊಳ್ಳುತ್ತದೆ, ಇನ್ನೊಂದು ಬದಲಾಗಲು ಸ್ವತಂತ್ರವಾಗುತ್ತದೆ. ಆದರೆ ಹೀಗೆ ಬಿಡುವಾದ ಪ್ರತಿಗಳಲ್ಲಿ ಹೆಚ್ಚಿನವು ಕೆಟ್ಟು ನಿಷ್ಕ್ರಿಯವಾಗುತ್ತವೆ, ಎಲ್ಲೋ ಕೆಲವು ಮಾತ್ರ ಹೊಸ ಕೆಲಸ ಹಿಡಿಯುತ್ತವೆ ಎಂದು ಓನೊ ಎಣಿಸಿದ್ದರು. ಮುಂದಿನ ಮೂವತ್ತು ವರ್ಷ ಓದುಗರು ‘ಹೊಸ ಕೆಲಸ’ದ ಮಾತನ್ನೇ ಹಿಡಿದುಕೊಂಡರು, ‘ಕೆಡುವ’ ಮಾತನ್ನು ಬದಿಗಿಟ್ಟರು. ನನ್ನ ದೃಷ್ಟಿಯಲ್ಲಿ ಮೀನುಗಳ ನಿಜವಾದ ಕಥೆ ಇರುವುದು ಈ ಎರಡನೆಯದರಲ್ಲಿ.

ಪುರಾವೆ ಮೊದಲು ಸಿಕ್ಕಿದ್ದು ಹಾಕ್ಸ್ ಜೀನುಗಳಲ್ಲಿ. ದೇಹದ ತಲೆಯಿಂದ ಬಾಲದವರೆಗಿನ ವಿನ್ಯಾಸವನ್ನು ನಿರ್ದೇಶಿಸುವ ಈ ಜೀನುಗಳು ವರ್ಣತಂತುವಿನಲ್ಲಿ ಗುಂಪಾಗಿ ಇರುತ್ತವೆ. ಬೆನ್ನೆಲುಬಿಲ್ಲದ ಆಂಫಿಯಾಕ್ಸಸ್‌ನಲ್ಲಿ ಒಂದೇ ಗುಂಪು, ಮನುಷ್ಯನಲ್ಲಿ ನಾಲ್ಕು. 1998ರಲ್ಲಿ ಆರೆಗನ್ ವಿಶ್ವವಿದ್ಯಾಲಯದ ಏಂಜೆಲ್ ಅಮೋರೆಸ್, ಜಾನ್ ಪೋಸ್ಟಲ್‌ತ್ವೇಟ್ ಮತ್ತು ಸಂಗಡಿಗರು ಜೀಬ್ರಾಮೀನಿನಲ್ಲಿ ಏಳು ಗುಂಪುಗಳಿವೆ ಎಂದು ತೋರಿಸಿದರು. ನಾಲ್ಕು ಇಮ್ಮಡಿಯಾಗಿ ಎಂಟಾದವು, ಅದರಲ್ಲಿ ಒಂದು ಅಳಿಯಿತು. ಫುಗು ಮೀನಿನಲ್ಲೂ ಗುಂಪುಗಳು ಏಳೇ. ಆದರೆ ಜೀಬ್ರಾಮೀನು ಕಳೆದುಕೊಂಡದ್ದು ಡಿ ಎಂಬ ಗುಂಪಿನ ಒಂದು ಪ್ರತಿಯನ್ನು, ಫುಗು ಕಳೆದುಕೊಂಡದ್ದು ಸಿ ಎಂಬ ಗುಂಪಿನ ಒಂದು ಪ್ರತಿಯನ್ನು. ಇನ್ನೂ ಒಳಗಿಳಿದು ನೋಡಿದರೆ, ಮನುಷ್ಯನ ನಾಲ್ಕು ಗುಂಪುಗಳಲ್ಲಿ 39 ಹಾಕ್ಸ್ ಜೀನುಗಳಿದ್ದರೆ ಜೀಬ್ರಾಮೀನಿನ ಏಳು ಗುಂಪುಗಳಲ್ಲಿರುವುದು ಐವತ್ತಕ್ಕಿಂತ ತುಸು ಕಡಿಮೆ. ಗುಂಪುಗಳು ಉಳಿದರೂ ಅವುಗಳೊಳಗಿನ ಜೀನುಗಳು ಒಂದೊಂದಾಗಿ ಉದುರಿಹೋಗಿದ್ದವು.

ಅಷ್ಟಾದರೂ ಉಳಿದ ಜೋಡಿಗಳು ಓನೊ ಲೆಕ್ಕಾಚಾರಕ್ಕಿಂತ ಹೆಚ್ಚಾಗಿದ್ದವು. ಅವೆಲ್ಲ ಹೊಸ ಕೆಲಸ ಕಂಡುಕೊಂಡವೆಂದು ನಂಬುವುದು ಕಷ್ಟ. 1999ರಲ್ಲಿ ಆಲನ್ ಫೋರ್ಸ್, ಮೈಕೆಲ್ ಲಿಂಚ್ ಮತ್ತು ಅದೇ ಆರೆಗನ್ ತಂಡದವರು ಬೇರೊಂದು ದಾರಿ ತೋರಿದರು. ಒಂದು ಜೀನಿಗೆ ಎರಡು ಕೆಲಸಗಳಿದ್ದು, ಅವನ್ನು ಬೇರೆ ಬೇರೆ ನಿಯಂತ್ರಕ ತುಣುಕುಗಳು ನಡೆಸುತ್ತವೆ ಎನ್ನೋಣ. ಇಮ್ಮಡಿಯಾದ ಮೇಲೆ ಒಂದು ಪ್ರತಿಯಲ್ಲಿ ಮೊದಲ ತುಣುಕು ಕೆಟ್ಟು, ಇನ್ನೊಂದರಲ್ಲಿ ಎರಡನೆಯದು ಕೆಟ್ಟರೆ, ಎರಡೂ ಪ್ರತಿಗಳಿಲ್ಲದೆ ಮೀನು ಬದುಕದು. ಆಸ್ತಿ ಹಿಸ್ಸೆಯಾದ ಅಣ್ಣತಮ್ಮಂದಿರಂತೆ ಒಂದರ ಪಾಲು ಇನ್ನೊಂದರದ್ದಲ್ಲ. ಅವರು ಕೊಟ್ಟ ಉದಾಹರಣೆ ಎನ್‌ಗ್ರೇಲ್ಡ್-1. ಇಲಿಯಲ್ಲಿ ಈ ಒಂದೇ ಜೀನು ಮುಂಗಾಲಿನ ಮೊಗ್ಗಿನಲ್ಲೂ ಹಿಮ್ಮಿದುಳು ಮತ್ತು ಬೆನ್ನುಹುರಿಯ ಕೆಲವು ನರಕೋಶಗಳಲ್ಲೂ ಕೆಲಸ ಮಾಡುತ್ತದೆ. ಜೀಬ್ರಾಮೀನಿನಲ್ಲಿ ಎರಡು ಪ್ರತಿಗಳಿದ್ದು, ಒಂದು ಎದೆಯ ರೆಕ್ಕೆಯ ಮೊಗ್ಗನ್ನು, ಇನ್ನೊಂದು ನರಕೋಶಗಳನ್ನು ವಹಿಸಿಕೊಂಡಿದೆ. ಹೊಸದೇನೂ ಹುಟ್ಟದೆ, ಕೇವಲ ಕೆಡುಕಿನಿಂದಲೇ ಜೋಡಿ ಶಾಶ್ವತವಾಗುವುದನ್ನು ತೋರಿಸಿದ ಈ ಪ್ರಬಂಧವನ್ನು ಓನೊ ಪುಸ್ತಕದ ಪಕ್ಕದಲ್ಲೇ ಇಡಬೇಕು.

ಜೀನೋಮ್‌ಗಳನ್ನೇ ಓದುವ ಕಾಲ ಬಂದಾಗ ಸಂಶಯಕ್ಕೆ ಎಡೆ ಉಳಿಯಲಿಲ್ಲ. ಮನುಷ್ಯನ ಜೀನೋಮಿನ ಎಂಟನೇ ಒಂದರಷ್ಟೇ ಇರುವ ಫುಗು ಜೀನೋಮನ್ನು ಮಾದರಿಯಾಗಿ ಹಿಡಿಯಬೇಕೆಂದು ಸಿಡ್ನಿ ಬ್ರೆನ್ನರ್ 1993ರಲ್ಲೇ ವಾದಿಸಿದ್ದರು. ಸಿಂಗಪುರದ ಬೈರಪ್ಪ ವೆಂಕಟೇಶ್ ಅವರೂ ಇದ್ದ ಅಂತರರಾಷ್ಟ್ರೀಯ ತಂಡ 2002ರಲ್ಲಿ ಅದನ್ನು ಪ್ರಕಟಿಸಿತು. ನಿರ್ಣಾಯಕವಾದದ್ದು ಮಾತ್ರ 2004ರ ಟೆಟ್ರಾಡಾನ್ ಮೀನಿನ ಜೀನೋಮ್. ಮನುಷ್ಯನ ಒಂದು ವರ್ಣತಂತುವಿನ ಮೇಲೆ ಸಾಲಾಗಿರುವ ಜೀನುಗಳು ಈ ಮೀನಿನಲ್ಲಿ ಎರಡು ವರ್ಣತಂತುಗಳಿಗೆ ಹಂಚಿಹೋಗಿದ್ದವು. ಕೆಲವು ಅಲ್ಲಿ, ಕೆಲವು ಇಲ್ಲಿ, ಅಪರೂಪಕ್ಕೆ ಎರಡೂ ಕಡೆ. ಇಮ್ಮಡಿಯಾಗಿ ಆಮೇಲೆ ಉದುರಿದ ಜೀನೋಮ್ ಮಾತ್ರ ಇಂಥ ಗುರುತು ಬಿಡುತ್ತದೆ. ಇಮ್ಮಡಿಯಾಗುವ ಮುಂಚಿನ ಪೂರ್ವಜನಲ್ಲಿ 12 ಜೋಡಿ ವರ್ಣತಂತುಗಳಿದ್ದವೆಂದು ಆ ತಂಡ ಲೆಕ್ಕ ಹಾಕಿತು. ಘಟನೆ ನಡೆದದ್ದು 30 ಕೋಟಿ ವರ್ಷಗಳಿಗೂ ಹಿಂದೆ. ಜಪಾನಿನ ಸಂಶೋಧಕರು 2015ರಲ್ಲಿ ಗಣಿತದ ಮಾದರಿಯಿಂದ ತೋರಿಸಿದಂತೆ, ಪ್ರತಿಗಳಲ್ಲಿ ಶೇಕಡಾ 70ರಿಂದ 80ರಷ್ಟು ಮೊದಲ ಆರು ಕೋಟಿ ವರ್ಷಗಳಲ್ಲೇ ಅಳಿದವು. ಅಲ್ಲಿಂದೀಚೆಗೆ ಅಳಿವು ನಿಧಾನವಾಯಿತು.

ಸಾಲ್ಮನ್ ಮತ್ತು ಟ್ರೌಟ್‌ಗಳ ಪೂರ್ವಜನಲ್ಲಿ ಸುಮಾರು ಎಂಟರಿಂದ ಹತ್ತು ಕೋಟಿ ವರ್ಷಗಳ ಹಿಂದೆ ಜೀನೋಮ್ ಮತ್ತೊಮ್ಮೆ ಇಮ್ಮಡಿಯಾಯಿತು. 2014ರಲ್ಲಿ ರೇನ್‌ಬೋ ಟ್ರೌಟ್, 2016ರಲ್ಲಿ ಅಟ್ಲಾಂಟಿಕ್ ಸಾಲ್ಮನ್ ಜೀನೋಮ್ ಬಂದಾಗ ಅರ್ಧದಷ್ಟು ಜೀನುಗಳು ಇನ್ನೂ ಜೋಡಿಯಾಗಿಯೇ ಇದ್ದವು. ಕೆಲವು ವರ್ಣತಂತುಗಳ ತುದಿಗಳಂತೂ ಇಂದಿಗೂ ಪರಸ್ಪರ ಪೂರ್ತಿ ಬೇರ್ಪಟ್ಟಿಲ್ಲ.

ಇಲ್ಲಿ ಬಹಳ ಜನ ಮೆಚ್ಚಿದ ಒಂದು ನಂಬಿಕೆಯನ್ನು ಪರೀಕ್ಷಿಸಲೇಬೇಕು. 30 ಕೋಟಿ ವರ್ಷಗಳ ಹಿಂದೆ ಇಮ್ಮಡಿಯಾದ ಪೂರ್ವಜನಿಂದ ಬಂದ ಟೆಲಿಯೋಸ್ಟ್ ಮೀನುಗಳು ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಭೇದಗಳಾಗಿ ಕವಲೊಡೆದದ್ದು ಇಮ್ಮಡಿಕೆಯಿಂದಲೇ ಎಂದು ಪಠ್ಯಗಳು ಹೇಳುತ್ತವೆ. ಇಮ್ಮಡಿಯಾಗುವ ಮೊದಲೇ ಕವಲೊಡೆದ ಗಾರ್ ಮತ್ತು ಬೌಫಿನ್‌ಗಳ ವಂಶ ಇಂದು ಬೆರಳೆಣಿಕೆಯಷ್ಟು ಪ್ರಭೇದಗಳಿಗೆ ಇಳಿದಿರುವುದರಿಂದ ಆ ಮಾತು ಸರಿಯೆನಿಸುತ್ತದೆ. ಆದರೆ ಜಾನ್ ಕ್ಲಾರ್ಕ್, ಗ್ರೇಮ್ ಲಾಯ್ಡ್, ಮ್ಯಾಟ್ ಫ್ರೀಡ್ಮನ್ 2016ರಲ್ಲಿ ಪಳೆಯುಳಿಕೆಗಳನ್ನು ಅಳೆದು ನೋಡಿದಾಗ, ಮೊದಲ ಹಲವು ಕೋಟಿ ವರ್ಷ ಟೆಲಿಯೋಸ್ಟ್‌ಗಳ ದೇಹರೂಪ ಈ ವಂಶದವಕ್ಕಿಂತ ವೇಗವಾಗಿ ಬದಲಾಗಿರಲಿಲ್ಲ. ಸಾಲ್ಮನ್‌ಗಳಲ್ಲೂ ಪ್ರಭೇದಗಳು ಹೆಚ್ಚಿದ್ದು ಇಮ್ಮಡಿಕೆಯಾಗಿ ನಾಲ್ಕೈದು ಕೋಟಿ ವರ್ಷಗಳ ನಂತರ, ಹವಾಮಾನ ತಂಪಾದಾಗ. ಇಮ್ಮಡಿಕೆ ಕಚ್ಚಾಸಾಮಗ್ರಿ ಒದಗಿಸಿರಬಹುದು, ಅದೇ ಕಾರಣವೆಂದು ಹೇಳಲು ಈಗಿರುವ ಸಾಕ್ಷ್ಯ ಸಾಲದು.

ಓನೊ ಎಣಿಸಿದ ಗೆಂಡೆ ಈಗ ಚರ್ಚೆಯ ನಡುವೆ ಮತ್ತೆ ಬಂದಿದೆ. ಎರಡು ಬೇರೆ ಪ್ರಭೇದಗಳು ಬೆರೆತು, ಸುಮಾರು ಒಂದೂಕಾಲು ಕೋಟಿ ವರ್ಷಗಳ ಹಿಂದೆ ಅದರ ಜೀನೋಮ್ ಇಮ್ಮಡಿಯಾಯಿತೆಂದು 2014ರ ನಂತರದ ಅಧ್ಯಯನಗಳು ಹೇಳುತ್ತವೆ. ಉದುರುವಿಕೆ ಇನ್ನೂ ಆರಂಭದ ಹಂತದಲ್ಲಿದೆ, ಆದ್ದರಿಂದ ಅದನ್ನು ಕಣ್ಣೆದುರೇ ಅಳೆಯಬಹುದು. ಕರ್ನಾಟಕದ ಕೆರೆಗಳಲ್ಲಿ ಒಟ್ಟಿಗೆ ಸಾಕುವ ಕಾಟ್ಲಾ, ರೋಹುಗಳಲ್ಲಿ 50 ವರ್ಣತಂತುಗಳಿದ್ದರೆ ಜೊತೆಗೆ ಬಿಡುವ ಸಾಮಾನ್ಯ ಗೆಂಡೆಯಲ್ಲಿ 100 ಇವೆ. ಪಶ್ಚಿಮ ಘಟ್ಟದ ನದಿಗಳ ಮಹಶೀರ್ ಟಾರ್ ಖುದ್ರಿಯಲ್ಲೂ 100. ಒಂದೇ ಕುಟುಂಬದಲ್ಲಿ ಇಮ್ಮಡಿಯಾದವೂ ಆಗದವೂ ನಮ್ಮ ನೀರಿನಲ್ಲೇ ಸಿಗುತ್ತಿರುವಾಗ, ಮೀನುಗಾರಿಕೆ ಓದುವ ನಮ್ಮ ವಿದ್ಯಾರ್ಥಿಗಳು ಈ ಹೋಲಿಕೆಯ ಅಧ್ಯಯನವನ್ನು ಕೈಗೆತ್ತಿಕೊಳ್ಳಬೇಕು.