ಮಿಸ್ಸೂ ಅಲ್ಲ, ಮಿಸೆಸ್ಸೂ ಅಲ್ಲ

ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ನನ್ನ ಅಕ್ಕನ ಹೆಸರಿನ ಮುಂದೆ ಮೊದಲಿನಿಂದಲೂ 'ಕುಮಾರಿ' ಎಂದಿದೆ. ಅಕ್ಕನಿಗೆ ಈಗ 61 ವರ್ಷ. ಮದುವೆಯಾಗದೆ, ಮುಂಬಯಿಯ ಬ್ಯಾಂಕೊಂದರಲ್ಲಿ ದುಡಿದು, ಅಪ್ಪ ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡವಳು. "ಪಟ್ಟಿ ನೋಡಿದವರು ಯಾವುದೋ ಹೈಸ್ಕೂಲ್ ಹುಡುಗಿ ಅಂದ್ಕೋತಾರೆ ಬಿಡೇ" ಎಂದು ನಗುತ್ತಾಳೆ. ನಗು ಪೂರ್ತಿ ನಗುವಲ್ಲ ಎಂದು ನನಗೆ ಗೊತ್ತು.

ಕಳೆದ ದೀಪಾವಳಿಗೆ ಮನೆಗೆ ಬಂದಿದ್ದಾಗ ನನ್ನ ಮಗಳ ಕೈಯಲ್ಲಿದ್ದ ಕಾಮಿಕ್ಸ್ ಪುಸ್ತಕ ನೋಡಿ, "ಇವಳು ಮಿಸ್ಸೋ ಮಿಸೆಸ್ಸೋ?" ಎಂದು ಕೇಳಿದಳು. "ಎರಡೂ ಅಲ್ಲ ದೊಡ್ಡಮ್ಮ, ಮಿಜ್. ಮಿಜ್ ಮಾರ್ವೆಲ್" ಎಂದಳು ಮಗಳು. ಅಕ್ಕ ಪುಸ್ತಕ ತೆಗೆದುಕೊಂಡು ಊಟದವರೆಗೆ ಕೊಡಲಿಲ್ಲ. ವರ್ಷಗಟ್ಟಲೆ ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದ ನನಗೆ ಹಳೆಯ ಚಾಳಿ ಎದ್ದಿತು. ಆ ಹೆಸರು ಎಲ್ಲಿಂದ ಬಂತು ಎಂದು ಹುಡುಕಲು ಕೂತೆ.

ಹೆಣ್ಣಿನ ಮದುವೆಯ ಸುದ್ದಿ ಹೇಳದ ಈ ಗೌರವಸೂಚಕವನ್ನು ಅಮೆರಿಕದ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಊರಿನ ಪತ್ರಿಕೆಯೊಂದು 1901ರಲ್ಲೇ ಸೂಚಿಸಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1960ರ ದಶಕದಲ್ಲಿ ಶೀಲಾ ಮೈಕಲ್ಸ್ ಎಂಬ ಹೋರಾಟಗಾರ್ತಿ ಅದನ್ನು ಮತ್ತೆ ಎತ್ತಿಕೊಂಡರು. 1972ರಲ್ಲಿ ಗ್ಲೋರಿಯಾ ಸ್ಟೈನಮ್ ಮತ್ತು ಗೆಳತಿಯರ ಪತ್ರಿಕೆ 'ಮಿಜ್' ಎಂಬ ಹೆಸರಿನಲ್ಲೇ ಮಳಿಗೆಗೆ ಬಂತು. ಆ ವರ್ಷದ ಅದರ ಮುಖಪುಟದಲ್ಲಿ ವಂಡರ್ ವುಮನ್ ಇದ್ದಳು. ನ್ಯೂಯಾರ್ಕ್ ಟೈಮ್ಸ್ ಈ ಪದವನ್ನು ಒಪ್ಪಿಕೊಂಡದ್ದು 1986ರಲ್ಲಿ. ಮಕ್ಕಳು ಓದುವ ಕಾಮಿಕ್ಸ್ ಅದಕ್ಕಿಂತ ಒಂಬತ್ತು ವರ್ಷ ಮೊದಲೇ ಒಪ್ಪಿಕೊಂಡಿತ್ತು!

1977ರ ಮೊದಲ ಮಿಜ್ ಮಾರ್ವೆಲ್ ಕ್ಯಾರೊಲ್ ಡ್ಯಾನ್ವರ್ಸ್. 1968ರಲ್ಲಿ ಆಕೆ ಕಾಮಿಕ್ಸಿಗೆ ಬಂದದ್ದು ಕ್ಯಾಪ್ಟನ್ ಮಾರ್ವೆಲ್ ಎಂಬ ಗಂಡು ನಾಯಕನ ಕಥೆಯ ಪೋಷಕ ಪಾತ್ರವಾಗಿ. ಈಗ ಅವನ ಹೆಸರಿನ ಅರ್ಧ, ಅವನ ಉಡುಪಿನ ಬಣ್ಣ ಇವಳಿಗೆ ಬಂತು. ಆದರೆ ಉಡುಪಿನ ಹೊಟ್ಟೆ ಬೆನ್ನಿನ ಭಾಗದ ಬಟ್ಟೆ ಮಾತ್ರ ಬರಲಿಲ್ಲ. ಹಗಲಲ್ಲಿ ಅವಳು ಮಹಿಳಾ ಪತ್ರಿಕೆಯ ಸಂಪಾದಕಿ. ಡಯಟ್ಟು, ಅಡುಗೆ ರೆಸಿಪಿ ಹಾಕು ಎನ್ನುವ ಮಾಲೀಕನಿಗೆ ಆಗುವುದಿಲ್ಲ ಎನ್ನುತ್ತಾಳೆ, ಸಂಬಳಕ್ಕೆ ಚೌಕಾಶಿ ಮಾಡುತ್ತಾಳೆ. ಹಾರಾಟದ ದೃಶ್ಯಗಳಿಗಿಂತ ನನಗೆ ಹಿಡಿಸಿದ್ದು ಇದೇ. 23 ಸಂಚಿಕೆಗಳ ನಂತರ, 1979ರಲ್ಲಿ, ಆ ಮಾಲಿಕೆ ನಿಂತಿತು.

ಆಮೇಲೆ ನಡೆದದ್ದು ಬರೆಯಲು ಕೈ ಸ್ವಲ್ಪ ಹಿಂಜರಿಯುತ್ತದೆ. 1980ರಲ್ಲಿ 'ಅವೆಂಜರ್ಸ್' ಕಾಮಿಕ್ಸಿನ 200ನೆಯ ಸಂಚಿಕೆಯಲ್ಲಿ ಅವಳ ಮನಸ್ಸನ್ನು ವಶಮಾಡಿಕೊಂಡು ಅವಳನ್ನು ಬಸಿರು ಮಾಡಿದವನ ಜೊತೆಗೇ ಅವಳನ್ನು ಕಳಿಸಿಕೊಡುವ ಕಥೆ ಬಂತು. ಸಂಗಾತಿ ವೀರರು ನಗುತ್ತಾ ಬೀಳ್ಕೊಟ್ಟರು. ಕ್ಯಾರೊಲ್ ಸ್ಟ್ರಿಕ್‌ಲ್ಯಾಂಡ್ ಎಂಬ ಓದುಗರು ಇದು ಅತ್ಯಾಚಾರವೆಂದು ಹೆಸರಿಟ್ಟು ಬರೆದರು. ಮರುವರ್ಷ, ಆ ಹಿಂದೆ ಮಿಜ್ ಮಾರ್ವೆಲ್ ಕಥೆಗಳನ್ನು ಬರೆದಿದ್ದ ಕ್ರಿಸ್ ಕ್ಲೇರ್‌ಮಾಂಟ್ ಅವಳನ್ನು ವಾಪಸ್ ಕರೆತಂದು, ನೀವ್ಯಾರೂ ಯಾಕೆ ನನ್ನನ್ನು ಕೇಳಲಿಲ್ಲ ಎಂದು ಆ ವೀರರನ್ನು ಅವಳ ಬಾಯಿಂದಲೇ ತರಾಟೆಗೆ ತೆಗೆದುಕೊಂಡರು. ಕಥೆಯೊಳಗಿನ ಹೆಣ್ಣಿಗೂ ನ್ಯಾಯ ಬೇಕೆಂದು ಒಬ್ಬ ಓದುಗಳು ಪಟ್ಟುಹಿಡಿದದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

2012ರಲ್ಲಿ ಲೇಖಕಿ ಕೆಲ್ಲಿ ಸ್ಯೂ ಡಿಕಾನಿಕ್ ಕ್ಯಾರೊಲ್‌ಗೆ ಪೂರ್ತಿ ಹೆಸರನ್ನೇ ಕೊಟ್ಟರು. ಅವಳು ಕ್ಯಾಪ್ಟನ್ ಮಾರ್ವೆಲ್ ಆದಳು, ಮೈತುಂಬ ಉಡುಪೂ ಬಂತು. (1982ರಲ್ಲೇ ಮೋನಿಕಾ ರಾಂಬೋ ಎಂಬ ಕಪ್ಪು ಮಹಿಳೆಗೆ ಈ ಹೆಸರು ಸಿಕ್ಕಿತ್ತು, ಆಮೇಲೆ ಕೈತಪ್ಪಿತು. ಅದು ಇನ್ನೊಂದು ಲೇಖನದ ಮಾತು.) ಹಾಗಾಗಿ ಮಿಜ್ ಮಾರ್ವೆಲ್ ಎಂಬ ಹೆಸರು ಖಾಲಿ ಉಳಿಯಿತು.

ಒಬ್ಬರ ಮುಖವಾಡ ಇನ್ನೊಬ್ಬರಿಗೆ ಬರುವುದು ನಮಗೆ ಹೊಸದಲ್ಲ. 1964ರಿಂದ ಇದೇ ಮುಂಬಯಿಯಿಂದ ಹೊರಟ ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿಗೆ ತಂದೆಯಿಂದ ಮಗನಿಗೆ ಇಳಿಯುತ್ತಿದ್ದ ಫ್ಯಾಂಟಮ್ ಗೊತ್ತೇ ಇದ್ದಾನೆ. ಆದರೆ ಇಲ್ಲಿ ರಕ್ತಸಂಬಂಧವಿಲ್ಲ. ಹೆಸರು ಎತ್ತಿಕೊಂಡದ್ದು ನ್ಯೂಜೆರ್ಸಿಯ ಜೆರ್ಸಿ ಸಿಟಿಯ 16ರ ಹುಡುಗಿ, ಪಾಕಿಸ್ತಾನಿ ಮೂಲದ ಮನೆಯ ಕಮಲಾ ಖಾನ್. ನಮಗೆ ಕಮಲಾ ಎಂದರೆ ತಾವರೆ, ಅವರಲ್ಲಿ ಅರಬ್ಬಿಯ 'ಕಮಾಲ್', ಪರಿಪೂರ್ಣತೆ. ಸಂಪಾದಕಿ ಸನಾ ಅಮಾನತ್ ನ್ಯೂಜೆರ್ಸಿಯಲ್ಲಿ ಮುಸ್ಲಿಂ ಹುಡುಗಿಯಾಗಿ ತಾನು ಬೆಳೆದ ಕಥೆಗಳನ್ನು ಸಹೋದ್ಯೋಗಿ ಸ್ಟೀಫನ್ ವ್ಯಾಕರ್‌ಗೆ ಹೇಳುತ್ತಿದ್ದಾಗ ಹುಟ್ಟಿದ ಪಾತ್ರವಿದು. ಬರೆದವರು ಜಿ. ವಿಲ್ಲೋ ವಿಲ್ಸನ್, ಚಿತ್ರ ಏಡ್ರಿಯನ್ ಅಲ್ಫೋನಾ ಅವರದು. ಅವಳದೇ ಮೊದಲ ಸಂಚಿಕೆ 2014ರ ಫೆಬ್ರವರಿಯಲ್ಲಿ ಬಂತು.

ಮನೆಯಲ್ಲಿ ಬೇಡವೆಂದರೂ ಕದ್ದು ಪಾರ್ಟಿಗೆ ಹೋದ ರಾತ್ರಿ ವಿಚಿತ್ರ ಮಂಜು ಅವಳನ್ನು ಸುತ್ತುತ್ತದೆ. ಆ ಮಬ್ಬಿನಲ್ಲಿ ಕ್ಯಾಪ್ಟನ್ ಮಾರ್ವೆಲ್ ಕಾಣಿಸಿಕೊಂಡು, ಅಮೀರ್ ಖುಸ್ರೋನ ಪದ ಹೇಳಿ, ನಿನಗೇನು ಬೇಕು ಎನ್ನುತ್ತಾಳೆ. ನಿನ್ನ ಹಾಗೇ ಆಗಬೇಕು ಎನ್ನುತ್ತಾಳೆ ಹುಡುಗಿ. ಆಗುತ್ತಾಳೆ ಕೂಡ: ಹೊಂಬಣ್ಣದ ಕೂದಲು, ಬಿಳಿ ಮೈಬಣ್ಣ, ಕ್ಯಾರೊಲ್‌ಳ ಹಳೆಯ ಈಜುಡುಗೆಯಂಥ ಕಪ್ಪು ಉಡುಪು. ಬಯಸಿದ್ದು ಸಿಕ್ಕಿದ ಮೇಲೆ ಗೊತ್ತಾಗುವುದು, ಆ ಬೂಟು ಕಾಲಿಗೆ ಹಿತವಿಲ್ಲ, ಉಡುಪು ಎಲ್ಲೆಲ್ಲೋ ಸಿಕ್ಕಿಕೊಳ್ಳುತ್ತದೆ, ಕೂದಲು ಕಣ್ಣಿಗೆ ಬೀಳುತ್ತದೆ. ಕೊನೆಗೆ ತನ್ನದೇ ಬುರ್ಕಿನಿಯನ್ನು, ಅಂದರೆ ಮೈಮುಚ್ಚುವ ಈಜುಡುಗೆಯನ್ನು, ಬದಲಿಸಿ ಉಡುಪು ಮಾಡಿಕೊಳ್ಳುತ್ತಾಳೆ. ಎದೆಯ ಮೇಲಿನ ಮಿಂಚಿನ ಗುರುತು ಮಾತ್ರ ಕ್ಯಾರೊಲ್‌ಳದು. ಬಟ್ಟೆಯೂ ಮೈಬಣ್ಣವೂ ತನ್ನವು.

ಆ ಕಥೆಗಳ ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. ಅದೇ ವರ್ಷದ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಸ್ಸುಗಳ ಮೇಲೆ ಇಸ್ಲಾಂ ವಿರುದ್ಧ ದ್ವೇಷದ ಜಾಹೀರಾತುಗಳಿದ್ದವು. ಯಾರೋ ಬಂದು ಅವುಗಳ ಮೇಲೆ ಕಮಲಾಳ ಚಿತ್ರ ಅಂಟಿಸಿ ಹೋದರು.

ನಾನು ಬಹಳ ಹೊತ್ತು ನಿಂತದ್ದು 2016ರ ಒಂದು ಸಂಚಿಕೆಯಲ್ಲಿ. ಅದು ತೆರೆಯುವುದೇ 1947ರ ಬೊಂಬಾಯಿಯಲ್ಲಿ. ಕಮಲಾಳ ಮುತ್ತಜ್ಜಿ ಆಯಿಶಾ ತುಂಬು ಬಸುರಿ, ಗಂಡನ ಜೊತೆ ಕರಾಚಿಗೆ ಹೊರಟಿದ್ದಾಳೆ. ಅಂದರೆ ಜೆರ್ಸಿ ಸಿಟಿಯ ಈ ಹುಡುಗಿಯ ಮನೆತನದ ಒಂದು ತುದಿ ನಮ್ಮದೇ ಊರಿನಲ್ಲಿದೆ. ನಾವು ಕೆಲಸ ಹುಡುಕಿ, ಮದುವೆಯಾಗಿ ಬಂದು ಸೇರಿದ ಊರು ಇದು. ಅವಳು ಇದನ್ನೇ ಬಿಟ್ಟು ಹೊರಟವಳು. 2022ರ ಟಿವಿ ಸರಣಿಯೂ ದೇಶವಿಭಜನೆಯನ್ನು ಕಥೆಯ ನಡುಮಧ್ಯಕ್ಕೆ ತಂದಿತು. ಅದರಲ್ಲಿ ಕಮಲಾ ಆದವಳು ಕರಾಚಿಯಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಇಮಾನ್ ವೆಲ್ಲಾನಿ. ಅಲ್ಲಿ ಉಡುಪು ಕೊಡುವುದು ತಾಯಿ. ಮಗಳಿಗೆ ಅದೇ ಇಷ್ಟ. ನನಗೆ ಕಾಮಿಕ್ಸಿನದೇ ಸರಿ, ಹುಡುಗಿ ತಾನೇ ಬದಲಿಸಿಕೊಂಡದ್ದು. ಈ ಬಗ್ಗೆ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.

ಅಕ್ಕ ಮಾತ್ರ ಎರಡೂ ಕಡೆ ಸೇರಲಿಲ್ಲ. ಈ ಸಂಚಿಕೆಯ ಸದಸ್ಯರ ಪಟ್ಟಿ ಟೈಪು ಮಾಡುವ ಕೆಲಸ ಮಗಳ ಪಾಲಿಗೆ ಬಂದಾಗ ಪಕ್ಕದಲ್ಲಿ ಕೂತು, "ನನ್ನ ಹೆಸರಿನ ಮುಂದೆ ಏನೂ ಹಾಕಬೇಡ ಪುಟ್ಟಿ" ಎಂದಳು. "ಹಾಗಾದ್ರೆ ಎಲ್ಲರದ್ದೂ ತೆಗೀಲಾ ದೊಡ್ಡಮ್ಮ?" ಎಂದು ಇವಳು ಕೇಳಿದಳು. ಸಮಿತಿಯವರನ್ನು ಕೇಳಬೇಕು ಎಂದು ನಾನೇ ತಡೆದೆ. ಮುಂದಿನ ಭಾನುವಾರ ಸಭೆ ಇದೆ.